ಹಳೆ ಸರ್ವರ್ ವಾಪಸ್ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಮ್ಮದು ಕಾಫಿ, ಕರಿಮೆಣಸು ಖರೀದಿ ವ್ಯವಹಾರ. ಪೋಸ್ಟ್‌ಗ್ರೆಸ್ 14 ಡೇಟಾಬೇಸ್ ಬಳಸುತ್ತೇವೆ. ಮುಖ್ಯ ಸರ್ವರ್ ಇಲ್ಲೇ ಆಫೀಸಿನಲ್ಲಿದೆ, ರೆಪ್ಲಿಕಾ (ಅದರ ನಕಲು ಸರ್ವರ್) ಮೈಸೂರಿನ ಆಫೀಸಿನಲ್ಲಿದೆ. ಜುಲೈ ಗಾಳಿಮಳೆಗೆ ತಿತಿಮತಿ ಹತ್ತಿರ ಮರ ಬಿದ್ದು ಫೈಬರ್ ಕಡಿಯಿತು. ಇಲ್ಲಿನ ಸರ್ವರ್ ಹೋಯಿತು ಅಂದುಕೊಂಡು ಮೈಸೂರಿನವರು ರೆಪ್ಲಿಕಾವನ್ನು ಪ್ರಮೋಟ್ ಮಾಡಿದರು, ಅಂದರೆ ಅದನ್ನೇ ಮುಖ್ಯ ಸರ್ವರ್ ಮಾಡಿದರು. ಪೇಮೆಂಟ್ ವೋಚರ್ ಹಾಕಿದರು. ಹುಣಸೂರಿನ ಗೋಡೌನಿಗೆ ಬಂದ ಲೋಡಿನ ಚೀಟಿಗಳೂ ಅಲ್ಲಿಗೇ ಹೋದವು. ಇತ್ತ ನಮ್ಮ ಸರ್ವರ್ ಚೆನ್ನಾಗಿಯೇ ಇತ್ತು. ನಾವೂ ಸುಮಾರು ನಲವತ್ತು ಚೀಟಿ ಬರೆದೆವು. ಮಾರನೇ ದಿನ ಸಂಜೆ ಲೈನ್ ಬಂದ ಮೇಲೆ ಇಲ್ಲಿನದನ್ನು ಮೈಸೂರಿನ ರೆಪ್ಲಿಕಾ ಮಾಡಲು ಹೋದೆ. ಹೊಸ ಟೈಮ್‌ಲೈನ್ 2 (ಪ್ರಮೋಟ್ ಆದಾಗ ಶುರುವಾದ ಬರಹದ ಕವಲು), ಈಗಿನ ರಿಕವರಿ ಜಾಗಕ್ಕಿಂತ ಮೊದಲೇ ಕವಲೊಡೆದಿದೆ ಎಂದು ಲಾಗ್‌ನಲ್ಲಿ ಬರುತ್ತಲೇ ಇದೆ. ಪಿಜಿ-ರಿವೈಂಡ್ ಎಂಬ ಟೂಲ್ ಓಡಿಸಿ ಅಂತ ಪರಿಚಯದವರೊಬ್ಬರು ಹೇಳಿದರು. ಓಡಿಸಲಾ?
— ಓದುಗರು, ಗೋಣಿಕೊಪ್ಪಲು

ಉತ್ತರ: ಈಗಲೇ ಓಡಿಸಬೇಡಿ. ಗೋಣಿಕೊಪ್ಪಲಿನ ಪೋಸ್ಟ್‌ಗ್ರೆಸ್ ಅನ್ನು ಮೊದಲು ಸರಿಯಾಗಿ ಶಟ್‌ಡೌನ್ ಮಾಡಿ. ಪವರ್ ಬಟನ್ ಒತ್ತಬೇಡಿ. ಬಿಲ್ಲಿಂಗ್ ಕಂಪ್ಯೂಟರುಗಳೆಲ್ಲ ಮೈಸೂರಿನ ವಿಳಾಸಕ್ಕೇ ಹೋಗುತ್ತಿವೆಯಾ ಅಂತ ಒಂದೊಂದನ್ನೂ ತೆರೆದು ನೋಡಿ. ಎಲ್ಲೋ ಒಂದರಲ್ಲಿ ಹಳೆಯ ಐಪಿ ಉಳಿದಿರುತ್ತದೆ. ಅದು ಸಾಮಾನ್ಯವಾಗಿ ತೂಕದ ಯಂತ್ರದ ಪಕ್ಕದ ಕಂಪ್ಯೂಟರೇ ಆಗಿರುತ್ತದೆ.

ನಿಮಗೆ ಒಂದು ಸಮಾಧಾನ ಹೇಳುತ್ತೇನೆ. ಆ ನಲವತ್ತು ಚೀಟಿಗಳು ಎಲ್ಲೂ ಹೋಗಿಲ್ಲ, ಹಳೆ ಸರ್ವರಿನ ಡಿಸ್ಕಿನಲ್ಲೇ ಇವೆ. ನೀವು ಕಾಣುತ್ತಿರುವ ಸಂದೇಶ ಪೋಸ್ಟ್‌ಗ್ರೆಸ್ ನಿಮ್ಮ ಪರವಾಗಿ ಆಡುತ್ತಿರುವ ಮಾತು. ನನ್ನಲ್ಲಿ ಇರುವ ಬರಹ ಮೈಸೂರಿನದಕ್ಕೆ ತಾಳೆಯಾಗುವುದಿಲ್ಲ, ಹಾಗಾಗಿ ಅದರ ಹಿಂದೆ ಹೋಗಲಾರೆ ಅಂತ ಅದು ಹಟ ಹಿಡಿದಿದೆ. ಪಿಜಿ-ರಿವೈಂಡ್ ಆ ಹಟ ಬಿಡಿಸುತ್ತದೆ. ಹೇಗೆ ಬಿಡಿಸುತ್ತದೆ ಅಂದರೆ, ಕವಲೊಡೆದ ನಂತರ ಹಳೆ ಸರ್ವರಿನಲ್ಲಿ ಬದಲಾದ ಬ್ಲಾಕುಗಳನ್ನೆಲ್ಲ ಹುಡುಕಿ, ಅವುಗಳ ಮೇಲೆ ಮೈಸೂರಿನ ಬ್ಲಾಕುಗಳನ್ನು ಬರೆದುಬಿಡುತ್ತದೆ. ನಿಮ್ಮ ನಲವತ್ತು ಚೀಟಿ ಇರುವುದು ಅದೇ ಬ್ಲಾಕುಗಳಲ್ಲಿ, ಅಲ್ವಾ?

ಒಂದೇ ಲೆಡ್ಜರಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಪುಟದಿಂದಾಚೆ ಇಬ್ಬರು ರೈಟರುಗಳು ಬೇರೆ ಬೇರೆ ಊರಲ್ಲಿ ಕೂತು ಬರೆದ ಹಾಗೆ ಆಗಿದೆ ನಿಮ್ಮ ಸ್ಥಿತಿ. ಆ ಪುಟದವರೆಗೆ ಎರಡೂ ಒಂದೇ. ಆಮೇಲಿನದು ಎರಡೂ ನಿಜವೇ. ಗೋಣಿಕೊಪ್ಪಲಿನಲ್ಲಿ ಇಳಿದ ಚೆರಿ ಮೂಟೆ ನಿಜ, ಮೈಸೂರಿನಿಂದ ಹೋದ ಹಣವೂ ನಿಜ. ರೆಪ್ಲಿಕೇಶನ್ ಸರಿಪಡಿಸುವ ಭರದಲ್ಲಿ ಒಂದು ಕಡೆಯದನ್ನು ಅಳಿಸಿಹಾಕುವವರನ್ನು ನಾನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಚೀಟಿ ಮೊದಲು, ರಿವೈಂಡ್ ಆಮೇಲೆ.

ಸರ್ವರ್ ನಿಲ್ಲಿಸಿದ ಮೇಲೆ ಅದರ ಡೇಟಾ ಡೈರೆಕ್ಟರಿಯನ್ನು ಇಡಿಯಾಗಿ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಬೇರೆ ಟೇಬಲ್‌ಸ್ಪೇಸ್ (ಡೇಟಾ ಇಡುವ ಇನ್ನೊಂದು ಜಾಗ) ಇದ್ದರೆ ಅದನ್ನೂ ಸೇರಿಸಿ. ನಾಳೆ ಮಾಡೋಣ ಅಂತ ಸರ್ವರನ್ನು ಸುಮ್ನೆ ಓಡಿಸುತ್ತಾ ಇಡಬೇಡಿ. ಪೋಸ್ಟ್‌ಗ್ರೆಸ್ ತನ್ನ ವಾಲ್ ಫೈಲುಗಳನ್ನು (ಪ್ರತಿ ಬದಲಾವಣೆಯನ್ನೂ ಬರೆದಿಡುವ ದಾಖಲೆ), ಒಂದೊಂದು 16 ಎಂಬಿಯವು, ಮರುಬಳಕೆ ಮಾಡುತ್ತಾ ಹೋಗುತ್ತದೆ. ಕವಲೊಡೆದ ಜಾಗದ ಹಿಂದಿನ ಚೆಕ್‌ಪಾಯಿಂಟಿನಿಂದ (ಮೆಮೊರಿಯಲ್ಲಿದ್ದ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಬರೆದ ಹಂತ) ಈಚೆಗಿನ ವಾಲ್ ಇಲ್ಲದಿದ್ದರೆ ಆಮೇಲೆ ರಿವೈಂಡ್ ಕೂಡ ಆಗುವುದಿಲ್ಲ.

ಆ ಕಾಪಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ, ಅದೇ 14ನೇ ಆವೃತ್ತಿಯಲ್ಲಿ, ಬೇರೆ ಪೋರ್ಟಿನಲ್ಲಿ ಶುರು ಮಾಡಿ. ರೆಪ್ಲಿಕಾ ಆಗಿ ಓಡು ಅಂತ ಹೇಳಲು ನೀವು ಇಟ್ಟಿರುವ ಸ್ಟ್ಯಾಂಡ್‌ಬೈ ಸಿಗ್ನಲ್ ಫೈಲನ್ನು ಕಾಪಿಯಿಂದ ಮೊದಲು ತೆಗೆಯಿರಿ. ಆ ಯಂತ್ರದ ಒಳಗಿನಿಂದ ಬಿಟ್ಟರೆ ಬೇರೆಲ್ಲಿಂದಲೂ ಕನೆಕ್ಟ್ ಆಗದ ಹಾಗೆ ಕಟ್ಟಿಹಾಕಿ. ಆರ್ಕೈವಿಂಗ್ (ವಾಲ್ ಫೈಲುಗಳ ಪ್ರತಿಯನ್ನು ಬೇರೆಡೆ ಉಳಿಸುವುದು) ಇದ್ದರೆ ಅದನ್ನು ಆಫ್ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಈ ಕಾಪಿ ತನ್ನ ವಾಲ್ ಫೈಲುಗಳನ್ನು ನಿಮ್ಮ ನಿಜವಾದ ಆರ್ಕೈವಿಗೆ ತಳ್ಳುತ್ತದೆ.

ಈಗ ಎಲ್ಲಿ ಕವಲೊಡೆಯಿತು ಅಂತ ನೋಡಬೇಕು. ಮೈಸೂರಿನ ಸರ್ವರಿನ ಪಿಜಿ-ವಾಲ್ ಫೋಲ್ಡರಿನಲ್ಲಿ ಹಿಸ್ಟರಿ ಎಂದು ಕೊನೆಯಾಗುವ ಒಂದು ಪುಟ್ಟ ಫೈಲ್ ಇರುತ್ತದೆ. ಅದರಲ್ಲಿ ಹಳೆ ಟೈಮ್‌ಲೈನಿನ ನಂಬರು, ಕವಲೊಡೆದ ಜಾಗ, ಕಾರಣ ಇರುತ್ತವೆ. ಆ ಜಾಗದಿಂದ ಮುಂದಕ್ಕೆ ಹಳೆ ಸರ್ವರಿನ ವಾಲ್ ಫೈಲುಗಳನ್ನು ಪಿಜಿ-ವಾಲ್‌ಡಂಪ್ ಎಂಬ ಟೂಲಿನಲ್ಲಿ ತೆರೆದರೆ ಯಾವ ಟೇಬಲ್ ಬದಲಾಯಿತು, ಯಾವ ಟ್ರಾನ್ಸಾಕ್ಷನ್ ಎಷ್ಟು ಹೊತ್ತಿಗೆ ಕಮಿಟ್ (ಖಾಯಂ) ಆಯಿತು ಎಲ್ಲ ಸಿಗುತ್ತದೆ. ಅಲ್ಲಿ ಸಿಗುವ ಮೊದಲ ಟ್ರಾನ್ಸಾಕ್ಷನ್ ನಂಬರ್ ಬರೆದುಕೊಳ್ಳಿ. ಪ್ರತಿ ಸಾಲಿನಲ್ಲೂ ಎಕ್ಸ್‌ಮಿನ್ ಎಂಬ ಅಡಗಿದ ಕಾಲಂ ಇದೆ. ಆ ಸಾಲನ್ನು ಬರೆದ ಟ್ರಾನ್ಸಾಕ್ಷನ್ ಯಾವುದು ಅಂತ ಅದು ಹೇಳುತ್ತದೆ. ನೀವು ಬರೆದುಕೊಂಡ ನಂಬರಿಗಿಂತ ಸ್ವಲ್ಪ ಹಿಂದಿನಿಂದಲೇ ಹಿಡಿದು ಸಾಲುಗಳನ್ನು ಹೆಕ್ಕಿ. ಯಾಕೆಂದರೆ ಲೈನ್ ಹೋಗುವ ಮೊದಲೇ ಶುರುವಾಗಿ ಆಮೇಲೆ ಕಮಿಟ್ ಆದದ್ದೂ ಇರಬಹುದು. ಹೊಸ ಸಾಲು, ತಿದ್ದಿದ ಸಾಲು ಎರಡೂ ಹೀಗೆ ಸಿಗುತ್ತವೆ. ಅಳಿಸಿದ ಸಾಲು ಸಿಗುವುದಿಲ್ಲ. ಅದಕ್ಕೆ ಎರಡೂ ಕಡೆಯ ಟೇಬಲ್ ಪಕ್ಕಪಕ್ಕ ಇಟ್ಟು ನೋಡಬೇಕು.

ಮುಂದಿನದು ಗೊತ್ತಿಲ್ಲದಿದ್ದರೆ ತಲೆ ಕೆಡಿಸುವ ವಿಷಯ. ಚೀಟಿ ನಂಬರಿಗೆ ಸೀಕ್ವೆನ್ಸ್ (ತಾನಾಗಿ ಮುಂದಿನ ನಂಬರ್ ಕೊಡುವ ಎಣಿಕೆ) ಬಳಸುತ್ತಿದ್ದೀರಿ ಅಂತ ಇಟ್ಟುಕೊಳ್ಳೋಣ. ಪೋಸ್ಟ್‌ಗ್ರೆಸ್ ಪ್ರತಿ ನಂಬರಿಗೂ ವಾಲ್ ಬರೆಯುವುದಿಲ್ಲ. ಒಂದು ಸಲಕ್ಕೆ 32 ನಂಬರ್ ಮುಂದಕ್ಕೆ ಬರೆದಿಟ್ಟುಕೊಳ್ಳುತ್ತದೆ. ಉದಾಹರಣೆಗೆ 5200ನೇ ಚೀಟಿ ಹೊತ್ತಿಗೆ 5232ರವರೆಗೆ ಬರೆದಿಟ್ಟಿದೆ ಅನ್ನಿ. ನೀವು 5208ರಲ್ಲಿದ್ದಾಗ ಲೈನ್ ಹೋಯಿತು. ಮೈಸೂರು ಪ್ರಮೋಟ್ ಆದ ಮೇಲೆ ಅದರ ಮೊದಲ ಚೀಟಿ 5233 ಆಗುತ್ತದೆ. ನೀವು ಇಲ್ಲಿ 5209ರಿಂದ ನಲವತ್ತು ಬರೆದರೆ 5248ಕ್ಕೆ ಹೋಗುತ್ತೀರಿ. 5233ರಿಂದ 5248ರವರೆಗೆ ಎರಡೂ ಕಡೆ ಅದೇ ನಂಬರು, ಬೇರೆ ಬೆಳೆಗಾರರು, ಬೇರೆ ಮೂಟೆಗಳು. ಮೊದಲ ಇಪ್ಪತ್ತನಾಲ್ಕು ಚೀಟಿ ಚೆನ್ನಾಗಿ ಸೇರಿಕೊಂಡವು ಅಂತ ಖುಷಿಪಟ್ಟು ಉಳಿದವನ್ನು ಹಾಗೇ ಸುರಿಯಬೇಡಿ. ಡೂಪ್ಲಿಕೇಟ್ ಕೀ ಎರರ್ ಬಂದರೆ ಸಾಲನ್ನು ಬಿಟ್ಟು ಮುಂದೆ ಹೋಗು ಎಂಬ ಆಯ್ಕೆಯನ್ನಂತೂ ಹಾಕಲೇಬೇಡಿ. ಒಬ್ಬ ಬೆಳೆಗಾರನ ಕಾಫಿ ಅಲ್ಲೇ ಮಾಯವಾಗುತ್ತದೆ.

ಗೋಣಿಕೊಪ್ಪಲಿನ ಎಲ್ಲ ಚೀಟಿಗಳಿಗೂ ಮೈಸೂರಿನ ಸರ್ವರಿನಲ್ಲಿ ಹೊಸ ನಂಬರ್ ಕೊಡಿ. ಹಳೆ ನಂಬರನ್ನು ಬೇರೆ ಕಾಲಂನಲ್ಲಿ ಉಳಿಸಿ. ಬೆಳೆಗಾರರ ಜೇಬಿನಲ್ಲಿರುವ ಕಾಗದದ ಮೇಲೆ ಇರುವುದು ಹಳೆ ನಂಬರೇ. ಅವರು ಹಣಕ್ಕೆ ಬಂದಾಗ ಅದನ್ನೇ ತೋರಿಸುತ್ತಾರೆ.

ಇಲ್ಲಿ ನಿಮಗೆ ದೊಡ್ಡ ಸಾಕ್ಷಿ ಕಾರ್ಬನ್ ಪ್ರತಿಯ ಪುಸ್ತಕ. ಸಿದ್ದಾಪುರದ ಒಂದು ಖರೀದಿ ಆಫೀಸಿನಲ್ಲಿ ಇದೇ ಕೆಲಸಕ್ಕೆ ಅಲ್ಲಿನ ರೈಟರ್ ಜೊತೆ ಕೂತಿದ್ದೆ. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ಬೆರಳಲ್ಲಿ ಮೆಲ್ಲಗೆ ಬಿಡಿಸುತ್ತಾ ಹೆಸರು, ಮೂಟೆ, ತೂಕ, ತೇವಾಂಶ, ಓಟಿ (ಔಟ್‌ಟರ್ನ್, ಅಂದರೆ ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಓದುತ್ತಾ ಹೋದರು. ನಾನು ಸ್ಕ್ರೀನಿನಲ್ಲಿ ತಾಳೆ ನೋಡಿದೆ. ಒಂದು ಚೀಟಿಯಲ್ಲಿ ಓಟಿ ಹೊಂದಲಿಲ್ಲ. ರೈಟರ್ ಪುಸ್ತಕ ನೋಡದೆಯೇ ಹೇಳಿದರು, ಆ ಬೆಳೆಗಾರರು ಮಧ್ಯಾಹ್ನ ವಾಪಸ್ ಬಂದು ಇನ್ನೊಂದು ಸ್ಯಾಂಪಲ್ ಕೊಟ್ಟಿದ್ದರು, ಆಗ ತಿದ್ದಿದ್ದು ಅಂತ. ಆ ತಿದ್ದುಪಡಿ ಹಳೆ ಸರ್ವರಿನಲ್ಲಿ ಮಾತ್ರ ಇತ್ತು. ರೇಟು ನಿಲ್ಲುವುದೇ ಓಟಿ ಮೇಲೆ. ಆ ಸಾಲನ್ನು ಯಾವ ಸಾಫ್ಟ್‌ವೇರೂ ತಾನಾಗಿ ಸರಿಯಾಗಿ ಆರಿಸುತ್ತಿರಲಿಲ್ಲ.

ಹೀಗೆ ಒಂದೇ ಸಾಲನ್ನು ಎರಡೂ ಕಡೆ ತಿದ್ದಿದ್ದರೆ ಪಟ್ಟಿ ಮಾಡಿ, ವ್ಯವಹಾರ ಗೊತ್ತಿರುವವರನ್ನು ಕೇಳಿ. ನಾವು ಕಂಪ್ಯೂಟರಿನವರು ತೀರ್ಮಾನಿಸುವ ವಿಷಯವಲ್ಲ ಅದು. ಸ್ಟಾಕ್, ಬಾಕಿ ಮುಂತಾದ ಒಟ್ಟು ಮೊತ್ತಗಳನ್ನು ಹಳೆ ಸರ್ವರಿನಿಂದ ತಂದು ಅಂಟಿಸಬೇಡಿ. ಚೀಟಿಗಳು ಸೇರಿದ ಮೇಲೆ ಹೊಸದಾಗಿ ಲೆಕ್ಕ ಹಾಕಿಸಿ. ಒಬ್ಬರಿಗೇ ಎರಡೂ ಕಡೆಯಿಂದ ಪೇಮೆಂಟ್ ಹೋಗಿದೆಯಾ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ನೋಡಿ.

ಇಷ್ಟಾದ ಮೇಲೆ ರಿವೈಂಡ್. ಇದು 2016ರಲ್ಲಿ ಬಂದ 9.5ರಿಂದ ಪೋಸ್ಟ್‌ಗ್ರೆಸ್ ಜೊತೆಯಲ್ಲೇ ಇದೆ. ಆದರೆ ಒಂದು ಷರತ್ತಿದೆ. ಡೇಟಾ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ಹಿಡಿಯುವ ಗುರುತು) ಅಥವಾ ವಾಲ್-ಲಾಗ್-ಹಿಂಟ್ಸ್ ಎಂಬ ಸೆಟ್ಟಿಂಗ್, ಎರಡರಲ್ಲಿ ಒಂದು ಆನ್ ಇರಬೇಕು. 14ರಲ್ಲಿ ಎರಡೂ ತಾನಾಗಿ ಆನ್ ಇರುವುದಿಲ್ಲ. 2025ರಲ್ಲಿ ಬಂದ 18ನೇ ಆವೃತ್ತಿಯಿಂದ ಹೊಸದಾಗಿ ಮಾಡುವ ಡೇಟಾಬೇಸಿಗೆ ಚೆಕ್‌ಸಮ್ ತಾನಾಗಿ ಆನ್ ಬರುತ್ತದೆ. ನಿಮ್ಮಲ್ಲಿ ಆಫ್ ಇದ್ದರೆ ಈಗ ಆನ್ ಮಾಡಿ ರಿವೈಂಡ್ ಓಡಿಸುವ ಜಾಣತನ ಬೇಡ. ಕವಲೊಡೆಯುವ ಮೊದಲೇ ಆನ್ ಇದ್ದಿರಬೇಕು.

ಆನ್ ಇತ್ತು ಅನ್ನುವುದಾದರೆ, ಮೈಸೂರಿನಲ್ಲಿ ಒಂದು ಚೆಕ್‌ಪಾಯಿಂಟ್ ಕೊಡಿ. ಆಮೇಲೆ ಗೋಣಿಕೊಪ್ಪಲಿನಲ್ಲಿ ಮೊದಲು ಡ್ರೈ-ರನ್ (ಏನನ್ನೂ ಬದಲಾಯಿಸದ ಪರೀಕ್ಷೆ), ನಂತರ ನಿಜವಾದದ್ದು. ಕಾನ್ಫಿಗ್ ಫೈಲುಗಳು ಡೇಟಾ ಡೈರೆಕ್ಟರಿಯ ಒಳಗೇ ಇದ್ದರೆ ಅವುಗಳ ಮೇಲೂ ಮೈಸೂರಿನವು ಬಂದು ಕೂರುತ್ತವೆ, ಮೊದಲೇ ತೆಗೆದಿಟ್ಟುಕೊಳ್ಳಿ. ಮಧ್ಯದಲ್ಲಿ ಲೈನ್ ಕಡಿದು ರಿವೈಂಡ್ ನಿಂತರೆ ಆ ಡೈರೆಕ್ಟರಿಯನ್ನು ನಂಬಬೇಡಿ. ಮೈಸೂರಿನ ಬೇಸ್ ಬ್ಯಾಕಪ್ (ಇಡೀ ಡೇಟಾಬೇಸಿನ ಪೂರ್ತಿ ನಕಲು) ತೆಗೆದು ಹೊಸದಾಗಿ ಕಟ್ಟಿ.

ಆಫ್ ಇತ್ತು ಅನ್ನುವುದಾದರೆ ಪಿಜಿ-ಬೇಸ್‌ಬ್ಯಾಕಪ್ ಒಂದೇ ದಾರಿ. 60 ಜಿಬಿ ಡೇಟಾಬೇಸ್, 20 ಎಂಬಿಪಿಎಸ್ ಲೈನ್ ಅಂದರೆ ಏಳು ಗಂಟೆ ಹತ್ತಿರ ಹಿಡಿಯುತ್ತದೆ, ಅದೂ ಲೈನ್ ಕಡಿಯದಿದ್ದರೆ. ಮಳೆಗಾಲದಲ್ಲಿ ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಮೈಸೂರಿನಲ್ಲೇ ಹೊರಗಿನ ಡಿಸ್ಕಿಗೆ ಬೇಸ್ ಬ್ಯಾಕಪ್ ತೆಗೆದು, ಆಫೀಸಿನ ಹುಡುಗನ ಕೈಯಲ್ಲಿ ಬಸ್ಸಿಗೆ ಕಳಿಸಿ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರಬೇಕು, ಅದರಲ್ಲಿ ಬೆಳೆಗಾರರ ಬ್ಯಾಂಕ್ ವಿವರ ಇರುತ್ತದೆ. ಬ್ಯಾಕಪ್ ಶುರು ಮಾಡುವ ಮೊದಲು ರೆಪ್ಲಿಕೇಶನ್ ಸ್ಲಾಟ್ ಮಾಡಿಟ್ಟರೆ, ಡಿಸ್ಕ್ ಬಂದು ಸೇರುವವರೆಗಿನ ವಾಲ್ ಅನ್ನು ಮೈಸೂರು ಹಿಡಿದಿಟ್ಟುಕೊಳ್ಳುತ್ತದೆ. ಸ್ಲಾಟಿಗೆ ಒಂದು ಮಿತಿಯನ್ನೂ ಹಾಕಿ. ಇಲ್ಲದಿದ್ದರೆ ಗೋಣಿಕೊಪ್ಪಲು ವಾರಗಟ್ಟಲೆ ಬರದೇ ಇದ್ದಾಗ ಮೈಸೂರಿನ ಡಿಸ್ಕ್ ತುಂಬಿ ಅದೂ ನಿಲ್ಲುತ್ತದೆ.

ಸೇರಿಕೊಂಡ ಮೇಲೆ ಮೈಸೂರಿನಲ್ಲಿ ಪಿಜಿ-ಸ್ಟ್ಯಾಟ್-ರೆಪ್ಲಿಕೇಶನ್ ಎಂಬ ಪಟ್ಟಿ ನೋಡಿ. ಸ್ಟ್ರೀಮಿಂಗ್ ಅಂತ ಇರಬೇಕು, ಮೈಸೂರು ವಾಲ್ ಕಳಿಸಿದ ಜಾಗ ಮತ್ತು ಗೋಣಿಕೊಪ್ಪಲು ಅದನ್ನು ಅನ್ವಯಿಸಿದ ಜಾಗ ಹತ್ತಿರ ಹತ್ತಿರ ಇರಬೇಕು. ವಾಲ್-ಲಾಗ್-ಹಿಂಟ್ಸ್ ಅನ್ನು ಈಗಲೇ ಎರಡೂ ಕಡೆ ಆನ್ ಮಾಡಿ, ರೀಸ್ಟಾರ್ಟ್ ಬೇಕಾಗುತ್ತದೆ. ಹಾಗೇ, 14ಕ್ಕೆ ಬೆಂಬಲ 2026ರ ನವೆಂಬರ್‌ವರೆಗೆ ಮಾತ್ರ. ಕಾಫಿ ಕೊಯ್ಲು ಶುರುವಾಗುವ ಮೊದಲೇ ಹೊಸ ಆವೃತ್ತಿಯ ಬಗ್ಗೆ ಯೋಚಿಸಿ.

ಪ್ರಶ್ನೆ: ನಮ್ಮಲ್ಲೂ ಎರಡು ಪೋಸ್ಟ್‌ಗ್ರೆಸ್ ಸರ್ವರ್ ಇವೆ, ಒಂದು ಇಲ್ಲಿ, ಒಂದು ಬೆಂಗಳೂರಿನಲ್ಲಿ. ಫೇಲ್‌ಓವರ್ (ಮುಖ್ಯ ಸರ್ವರ್ ಹೋದಾಗ ರೆಪ್ಲಿಕಾ ಮುಖ್ಯವಾಗುವುದು) ತಾನಾಗಿ ಆಗುವ ಹಾಗೆ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಮೂರು ಸಲ ಪಿಂಗ್ ಹೋಗದಿದ್ದರೆ ಪ್ರಮೋಟ್. ಸಿಂಕ್ರೊನಸ್ ಕಮಿಟ್ (ರೆಪ್ಲಿಕಾ ಒಪ್ಪಿದ ಮೇಲೇ ಕಮಿಟ್ ಮುಗಿಯುವುದು) ಕೂಡ ಹಾಕಿದರೆ ಏನೂ ಕಳೆದುಹೋಗುವುದಿಲ್ಲ ಅಲ್ವಾ?
— ಓದುಗರು, ವಿರಾಜಪೇಟೆ

ಉತ್ತರ: ಆ ಸ್ಕ್ರಿಪ್ಟ್ ದಯವಿಟ್ಟು ಹಾಕಬೇಡಿ. ಪಿಂಗ್ ಹೋಗಲಿಲ್ಲ ಅಂದರೆ ಲೈನ್ ಇಲ್ಲ ಅಂತ ಅರ್ಥ, ಸರ್ವರ್ ಇಲ್ಲ ಅಂತ ಅಲ್ಲ. ನಮ್ಮ ಜಿಲ್ಲೆಯಲ್ಲಿ ಲೈನ್ ಹೋಗುವುದೇ ಹೆಚ್ಚು. ಮೇಲಿನ ಪ್ರಶ್ನೆಯ ಪಾಡು ನಿಮಗೆ ಮಳೆಗಾಲ ಪೂರ್ತಿ ಬರುತ್ತದೆ.

ಎರಡೇ ಯಂತ್ರ ಇದ್ದಾಗ ಯಾರು ಬದುಕಿದ್ದಾರೆ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಮೂರನೆಯ ಓಟು ಬೇಕು. ಪ್ಯಾಟ್ರೋನಿ (ಫೇಲ್‌ಓವರ್ ನೋಡಿಕೊಳ್ಳುವ ಸಾಫ್ಟ್‌ವೇರ್) ಬಳಸುವವರು ಎಟ್‌ಸಿಡಿಯನ್ನು (ಈಗ ಮುಖ್ಯ ಯಾರು ಅಂತ ಓಟಿನಿಂದ ನಿರ್ಧರಿಸಿ ದಾಖಲಿಸಿಡುವ ಪ್ರೋಗ್ರಾಂ) ಮೂರು ಕಡೆ ಇಡುತ್ತಾರೆ. ಮೂರನೆಯದು ಸಣ್ಣ ಯಂತ್ರವಾದರೂ ಸಾಕು, ಆದರೆ ಅದರ ಲೈನ್ ಬೇರೆ ದಾರಿಯಲ್ಲಿ ಬರಬೇಕು. ಒಂದೇ ಕಂಬದ ಮೇಲೆ ಬರುವ ಎರಡು ಕಂಪನಿಯ ಫೈಬರ್ ಎರಡು ಲೈನ್ ಅನ್ನಿಸಿಕೊಳ್ಳುವುದಿಲ್ಲ. ಲೀಡರ್ ಆಗಿರುವ ಸರ್ವರ್ ಎಟ್‌ಸಿಡಿಯಲ್ಲಿ ತನ್ನ ಕೀಲಿಯನ್ನು ನವೀಕರಿಸುತ್ತಲೇ ಇರಬೇಕು. ಸಾಮಾನ್ಯ ಸೆಟ್ಟಿಂಗಿನಲ್ಲಿ ಆ ಕೀಲಿಯ ಆಯುಸ್ಸು 30 ಸೆಕೆಂಡ್. ಲೈನ್ ಹೋದರೆ ವಿರಾಜಪೇಟೆಯ ಸರ್ವರ್ ತಾನಾಗಿಯೇ ಪ್ರೈಮರಿ ಸ್ಥಾನ ಬಿಟ್ಟುಕೊಡುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕೌಂಟರಿನಲ್ಲಿ ಕಾಗದದ ಮೇಲೆ ಬರೆಯಬೇಕಾಗುತ್ತದೆ. ಇದು ಕಷ್ಟವೇ. ಆದರೆ ಎರಡು ಲೆಕ್ಕ ಜೋಡಿಸುವ ಕಷ್ಟಕ್ಕಿಂತ ಬಹಳ ಕಡಿಮೆ.

ಪ್ಯಾಟ್ರೋನಿಗೆ ರಿವೈಂಡ್ ಅನ್ನೂ ತಾನೇ ಓಡಿಸು ಅಂತ ಹೇಳಬಹುದು. ಹೇಳುವ ಮೊದಲು ನೆನಪಿಡಿ, ಬೆಂಗಳೂರಿಗೆ ತಲುಪದೇ ಉಳಿದ ಸಾಲುಗಳನ್ನು ಅದು ನಿಮ್ಮನ್ನು ಕೇಳದೆ ಅಳಿಸುತ್ತದೆ. ರಿವೈಂಡ್ ಸೋತರೆ ಡೇಟಾ ಡೈರೆಕ್ಟರಿ ತೆಗೆದುಹಾಕು ಎಂಬ ಸೆಟ್ಟಿಂಗ್ ತಾನಾಗಿ ಆಫ್ ಇರುತ್ತದೆ. ಹಾಗೇ ಇರಲಿ.

ಸಿಂಕ್ರೊನಸ್ ಕಮಿಟ್ ಬಗ್ಗೆ. ಒಂದೇ ರೆಪ್ಲಿಕಾ ಇಟ್ಟುಕೊಂಡು ಅದನ್ನು ಹಾಕಿದರೆ, ಲೈನ್ ಹೋದ ಕ್ಷಣದಿಂದ ಪ್ರತಿ ಕಮಿಟ್ ಕಾಯುತ್ತಾ ನಿಂತುಬಿಡುತ್ತದೆ. ಎರಡು ರೆಪ್ಲಿಕಾ ಇಟ್ಟು, ಅವುಗಳಲ್ಲಿ ಯಾವುದಾದರೂ ಒಂದು ಒಪ್ಪಿದರೆ ಸಾಕು ಅನ್ನುವ ಸೆಟ್ಟಿಂಗ್ 10ನೇ ಆವೃತ್ತಿಯಿಂದ ಇದೆ. ಒಂದನ್ನು ನಿಮ್ಮ ಆಫೀಸಿನ ಒಳಗೇ ಇಡಿ. ಆದರೆ ಮರೆಯಬೇಡಿ: ಬೆಂಗಳೂರಿನದನ್ನು ಪ್ರಮೋಟ್ ಮಾಡಿದರೆ, ಆಫೀಸಿನ ರೆಪ್ಲಿಕಾ ಮಾತ್ರ ಒಪ್ಪಿದ ಸಾಲುಗಳು ಅಲ್ಲಿ ಇರದೇ ಹೋಗಬಹುದು.

ಪ್ರಶ್ನೆ: ಹೋಂಸ್ಟೇ ಬುಕಿಂಗ್ ನೋಡಿಕೊಳ್ಳುವ ಆಫೀಸು ನಮ್ಮದು. ಮೈಎಸ್‌ಕ್ಯೂಎಲ್ 8 ಡೇಟಾಬೇಸ್, ಒಂದು ಮುಖ್ಯ, ಒಂದು ರೆಪ್ಲಿಕಾ. ಫೇಲ್‌ಓವರ್ ಆದಾಗಿನಿಂದ ರೆಪ್ಲಿಕಾದಲ್ಲಿ 1062 ಎರರ್ ಬರುತ್ತಿದೆ. ಪ್ರತಿ ಸಲ ಸ್ಕಿಪ್ ಕೌಂಟರ್ 1 ಮಾಡಿ, ಅಂದರೆ ಎರರ್ ಬಂದದ್ದನ್ನು ಬಿಟ್ಟು ಮುಂದೆ ಹೋಗು ಅಂತ ಹೇಳಿ, ಶುರು ಮಾಡುತ್ತೇವೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ.
— ಓದುಗರು, ಕುಶಾಲನಗರ

ಉತ್ತರ: ಸ್ಕಿಪ್ ಮಾಡಿದ ಪ್ರತಿ ಸಲವೂ ಮುಖ್ಯ ಸರ್ವರಿನ ಒಂದು ಬದಲಾವಣೆಯನ್ನು ರೆಪ್ಲಿಕಾ ಬಿಟ್ಟುಬಿಡುತ್ತಿದೆ. ಒಂದು ಟ್ರಾನ್ಸಾಕ್ಷನ್ನಿನಲ್ಲಿ ಐದು ಸಾಲಿದ್ದು ಒಂದಕ್ಕೆ ಎರರ್ ಬಂದರೂ ಐದೂ ಹೋಗುತ್ತವೆ. ಎರಡರ ನಡುವಿನ ಅಂತರ ಬೆಳೆಯುತ್ತಲೇ ಇದೆ. ಆ ರೆಪ್ಲಿಕಾವನ್ನು ನಂಬಿ ಇನ್ನೊಮ್ಮೆ ಫೇಲ್‌ಓವರ್ ಮಾಡಿದರೆ ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಲ್ಲುತ್ತವೆ.

1062 ಅಂದರೆ ಬರಬೇಕಾದ ಸಾಲಿನ ಕೀ ಅಲ್ಲಿ ಆಗಲೇ ಇದೆ ಅಂತ. ಅದನ್ನು ಅಲ್ಲಿ ಬರೆದವರು ಯಾರು? ಬೇರೆ ಯಾವುದೋ ಪ್ರೋಗ್ರಾಂ ರೆಪ್ಲಿಕಾಕ್ಕೆ ನೇರವಾಗಿ ಬರೆಯುತ್ತಿದೆ, ಇಲ್ಲವೇ ಫೇಲ್‌ಓವರ್ ಹೊತ್ತಿನ ಸಾಲುಗಳು ಅಲ್ಲೇ ಉಳಿದಿವೆ. ರೀಡ್-ಓನ್ಲಿ ಹಾಕಿದ್ದೇವೆ ಅನ್ನಬಹುದು. ಅದು ಸೂಪರ್ ಹಕ್ಕು ಇರುವ ಯೂಸರನ್ನು ತಡೆಯುವುದಿಲ್ಲ. ಸೂಪರ್-ರೀಡ್-ಓನ್ಲಿ ಹಾಕಿ. ಅಪ್ಲಿಕೇಶನ್ ರೂಟ್ ಯೂಸರಿನಲ್ಲಿ ಓಡುತ್ತಿದ್ದರೆ ಅದನ್ನೂ ಈಗಲೇ ಬದಲಾಯಿಸಿ.

ರೆಪ್ಲಿಕಾದಲ್ಲಿ ಮಾತ್ರ ಇರುವ ಬುಕಿಂಗುಗಳನ್ನು ಮೊದಲು ಹೊರತೆಗೆದು ಮುಖ್ಯ ಸರ್ವರಿಗೆ ಸೇರಿಸಿ. ರೆಪ್ಲಿಕಾದ ಬಿನ್‌ಲಾಗ್ (ಬದಲಾವಣೆಗಳ ದಾಖಲೆ) ಓದಿದರೆ ಅವು ಸಿಗುತ್ತವೆ. ಆಮೇಲೆ ರೆಪ್ಲಿಕಾವನ್ನು ರಿಪೇರಿ ಮಾಡಲು ಹೋಗದೆ ಹೊಸದಾಗಿ ಕಟ್ಟಿ. 2019ರ 8.0.17ರಿಂದ ಕ್ಲೋನ್ ಪ್ಲಗಿನ್ ಇದೆ. ಅದು ಮುಖ್ಯ ಸರ್ವರಿನ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಡೇಟಾ ಇಡುವ ಬಗೆ) ಡೇಟಾವನ್ನೆಲ್ಲ ಎಳೆದುಕೊಳ್ಳುತ್ತದೆ, ರೆಪ್ಲಿಕಾದ ಹಳೆ ಡೇಟಾವನ್ನು ಅಳಿಸುತ್ತದೆ. ಹೊರತೆಗೆಯುವ ಕೆಲಸ ಮೊದಲು ಅಂದದ್ದು ಅದಕ್ಕೇ.

ಕಟ್ಟುವಾಗಲೇ ಜಿಟಿಐಡಿ ಆನ್ ಮಾಡಿ. 2013ರ 5.6ರಿಂದ ಇರುವ ಸೌಲಭ್ಯ ಇದು. ಸ್ಕಿಪ್ ಕೌಂಟರ್ ನಿಮ್ಮಲ್ಲಿ ಕೆಲಸ ಮಾಡುತ್ತಿದೆ ಅಂದರೆ ಅದು ಆನ್ ಇಲ್ಲ ಅಂತಲೇ ಅರ್ಥ. ಜಿಟಿಐಡಿ ಇದ್ದರೆ ಪ್ರತಿ ಟ್ರಾನ್ಸಾಕ್ಷನ್ನಿಗೂ ಅದು ಹುಟ್ಟಿದ ಸರ್ವರಿನ ಗುರುತು ಇರುತ್ತದೆ. ರೆಪ್ಲಿಕಾದ ಪಟ್ಟಿಯಿಂದ ಮುಖ್ಯ ಸರ್ವರಿನ ಪಟ್ಟಿಯನ್ನು ಕಳೆದರೆ ಉಳಿಯುವುದೇ ರೆಪ್ಲಿಕಾದಲ್ಲಿ ಮಾತ್ರ ಬರೆದದ್ದು. ಜಿಟಿಐಡಿ-ಸಬ್‌ಟ್ರಾಕ್ಟ್ ಫಂಕ್ಷನ್ ಒಂದೇ ಸಾಲಿನಲ್ಲಿ ಇದನ್ನು ಕೊಡುತ್ತದೆ. ಪ್ರತಿ ಫೇಲ್‌ಓವರ್ ಮೊದಲು ಇದನ್ನು ನೋಡಿ. ತಿಂಗಳಿಗೊಮ್ಮೆ ಪಿಟಿ-ಟೇಬಲ್-ಚೆಕ್‌ಸಮ್ ಎಂಬ ಟೂಲ್ ಓಡಿಸಿದರೆ ಎರರ್ ಬಾರದೇ ಸದ್ದಿಲ್ಲದೆ ಬೇರೆಯಾದ ಟೇಬಲುಗಳೂ ಸಿಕ್ಕಿಬೀಳುತ್ತವೆ.

ಪ್ರಶ್ನೆ: ಫೇಲ್‌ಓವರ್ ಆಗಿ ಹಳೆ ಪೋಸ್ಟ್‌ಗ್ರೆಸ್ ಸರ್ವರ್ ಈಗ ರೆಪ್ಲಿಕಾ ಆಗಿ ಸೇರಿಕೊಂಡಿದೆ. ಅದನ್ನೇ ಮತ್ತೆ ಮುಖ್ಯ ಮಾಡಬೇಕಾ? ರಿವೈಂಡ್ ಮೊದಲು ತೆಗೆದ ಕಾಪಿಯನ್ನು ಅಳಿಸಬಹುದಾ?
— ಓದುಗರು, ಸೋಮವಾರಪೇಟೆ

ಉತ್ತರ: ಅವಸರ ಇಲ್ಲ. ಹೊಸ ಮುಖ್ಯ ಸರ್ವರಿನ ಯಂತ್ರ, ಲೈನ್ ಎರಡೂ ಚೆನ್ನಾಗಿದ್ದರೆ ಅದೇ ಮುಂದುವರಿಯಲಿ. ಹಳೆಯದೇ ಮುಖ್ಯವಾಗಬೇಕು ಅನ್ನುವ ಹಟ ಬೇಡ. ಬದಲಾಯಿಸಲೇಬೇಕಾದರೆ ಮಳೆ ಬಿಟ್ಟ ಮೇಲೆ, ಕೆಲಸ ಕಡಿಮೆ ಇರುವ ಭಾನುವಾರ ನೋಡಿಕೊಂಡು ಮಾಡಿ. ಈಗಿನ ಮುಖ್ಯ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಕೊನೆಯ ವಾಲ್ ರೆಪ್ಲಿಕಾ ತಲುಪಿದೆಯಾ ನೋಡಿ, ಆಮೇಲೆ ಪ್ರಮೋಟ್ ಮಾಡಿ. ಹೀಗೆ ಮಾಡಿದರೆ ತಾಳೆಯಾಗದ ಬರಹ ಯಾವ ಕಡೆಯೂ ಉಳಿಯುವುದಿಲ್ಲ. ನಿಲ್ಲಿಸಿದ ಸರ್ವರಿಗೆ ಸ್ಟ್ಯಾಂಡ್‌ಬೈ ಸಿಗ್ನಲ್ ಫೈಲ್ ಇಟ್ಟು, ಹೊಸ ಮುಖ್ಯದ ವಿಳಾಸ ಕೊಟ್ಟು ಶುರು ಮಾಡಿದರೆ ಸಾಕು. 12ನೇ ಆವೃತ್ತಿಯಿಂದ ಅದು ಹೊಸ ಟೈಮ್‌ಲೈನನ್ನು ತಾನಾಗಿ ಹಿಡಿಯುತ್ತದೆ, ರಿವೈಂಡ್ ಬೇಕಾಗುವುದಿಲ್ಲ.

ಕಾಪಿಯನ್ನು ಈಗ ಅಳಿಸಬೇಡಿ. ಆ ವರ್ಷದ ಲೆಕ್ಕ ಮುಗಿದು ಆಡಿಟ್ ಆಗುವವರೆಗೆ ಇರಲಿ. ಡಿಸ್ಕಿನ ಮೇಲೆ ತಾರೀಖು, ಪೋಸ್ಟ್‌ಗ್ರೆಸ್ ಆವೃತ್ತಿ, ಪಾಸ್‌ವರ್ಡ್ ಯಾರ ಬಳಿ ಇದೆ ಅನ್ನುವುದನ್ನು ಬರೆದು ಅಂಟಿಸಿ, ತೇವ ತಾಗದ ಕಡೆ ಇಡಿ.